ಎಣ್ಣೆಗಪ್ಪಿಗೂ ಒಪ್ಪುವ ಕಂದು

ಕೇಳುಗರಿಗೆ ನಮಸ್ಕಾರ.

ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗಿಯೊಬ್ಬಳು ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಕಂದು ಬಣ್ಣದ ಲಿಪ್‌ಸ್ಟಿಕ್ ಕೈಗೆತ್ತಿಕೊಂಡರೆ ಸಾಕು, ಜೊತೆಗೆ ಬಂದ ಚಿಕ್ಕಮ್ಮನೋ ಅತ್ತಿಗೆಯೋ ತಡೆಯುತ್ತಾರೆ: “ಅದು ಬೇಡ ಮಗಳೇ, ಇನ್ನೂ ಕಪ್ಪಾಗಿ ಕಾಣುತ್ತಿ.” ಪ್ರೀತಿಯಿಂದಲೇ ಆಡಿದ ಮಾತು ಅದು, ಆದರೂ ಹುಡುಗಿಯ ಮನಸ್ಸಿಗೆ ಚುಚ್ಚುತ್ತದೆ. ಆ ಮಾತು ನಿಜವೂ ಅಲ್ಲ. ಕರಾವಳಿಯ ನಮ್ಮ ಮೈಬಣ್ಣಗಳಿಗೆ ಕಂದಿನಷ್ಟು ಸಹಜವಾಗಿ ಹೊಂದುವ ಬಣ್ಣ ಬೇರೆ ಇಲ್ಲವೆಂದೇ ನಾನು ನಂಬಿದ್ದೇನೆ. ಯಾವ ಕಂದು ಎನ್ನುವುದಷ್ಟೇ ಪ್ರಶ್ನೆ.

ಲಿಪ್‌ಸ್ಟಿಕ್‌ಗೆ ಕಂದು ಬಣ್ಣ ಬರುವುದು ಹೆಚ್ಚಾಗಿ ಕಬ್ಬಿಣದ ಆಕ್ಸೈಡ್‌ಗಳಿಂದ. ಕೆಂಪು, ಹಳದಿ, ಕಪ್ಪು ಆಕ್ಸೈಡ್‌ಗಳನ್ನು ಬೇರೆ ಬೇರೆ ಅಳತೆಯಲ್ಲಿ ಬೆರೆಸಿ, ಮೇಣ ಮತ್ತು ಹರಳೆಣ್ಣೆಯಂಥ ಎಣ್ಣೆಗಳ ಜೊತೆ ಅರೆಯುತ್ತಾರೆ. 1860ರ ದಶಕದಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಇಲ್ಲಿ ತಯಾರಿಸತೊಡಗಿದ ಮಂಗಳೂರು ಹೆಂಚು ಸುಟ್ಟಾಗ ಕೆಂಪಾಗುವುದೂ ನಮ್ಮ ನದಿ ದಂಡೆಯ ಆವೆಮಣ್ಣಿನಲ್ಲಿರುವ ಕಬ್ಬಿಣದಿಂದಲೇ. ಕೆಂಪು ಮುಂದಾದರೆ ಆ ಹೆಂಚಿನ ಬಣ್ಣ, ಹಳದಿ ಮುಂದಾದರೆ ಕ್ಯಾರಮೆಲ್, ಕಪ್ಪು ಸೇರುತ್ತಾ ಹೋದರೆ ಕಾಫಿ, ಚಾಕೊಲೇಟ್.

ಇನ್ನು ಬಣ್ಣವನ್ನು ತಿಳಿಯಾಗಿಸಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಸೇರಿಸುತ್ತಾರೆ. ‘ನ್ಯೂಡ್’ ಎಂದು ಮಾರುವ ತೆಳುಗಂದುಗಳಲ್ಲಿ ಇದು ಹೆಚ್ಚು. ಎಣ್ಣೆಗಪ್ಪು ಮುಖದ ಮೇಲೆ ತುಟಿ ಬೂದಿ ಬಳಿದಂತೆ ಕಂಡರೆ ಅದಕ್ಕೆ ಕಾರಣ ಈ ಬಿಳಿ. ಹೆದರಿ ತೆಳುಬಣ್ಣಕ್ಕೆ ಓಡುವವರಿಗೇ ಹೀಗಾಗುವುದು. ಕಪ್ಪು ಮೈಬಣ್ಣದವರು ಧೈರ್ಯವಾಗಿ ಗಾಢಕ್ಕೆ ಹೋಗಬೇಕು: ಚಾಕೊಲೇಟ್, ಕಾಫಿ, ನೇರಳೆಯ ಛಾಯೆ ಬೆರೆತ ಕಂದು. ಎಣ್ಣೆಗೆಂಪಿನವರಿಗೆ ಹೆಂಚಿನ ಕಂದು, ದಾಲ್ಚಿನ್ನಿ ಕಂದು ಮುಖಕ್ಕೆ ಕಳೆ ತರುತ್ತವೆ. ಬೆಳ್ಳಗಿರುವವರಿಗೆ ಗುಲಾಬಿ ಬೆರೆತ ಕಂದು ಒಪ್ಪುತ್ತದೆ. ಅತಿ ಗಾಢವಾದದ್ದು ಅವರ ಮುಖದಲ್ಲಿ ತುಟಿಯನ್ನಷ್ಟೇ ಎತ್ತಿ ತೋರಿಸುತ್ತದೆ.

ಮೇಲಿನ ಬಣ್ಣದ ಕೆಳಗೆ ಚರ್ಮಕ್ಕೆ ಒಂದು ಒಳಛಾಯೆಯೂ ಇರುತ್ತದೆ. ಪಣಂಬೂರಿನ ಕಡಲತೀರದ ಬಿಸಿಲಿನಲ್ಲಿ ಒಂದು ದಿನ ಕಳೆದರೆ ಮೈ ಕಪ್ಪಾದೀತು, ಒಳಛಾಯೆ ಬದಲಾಗದು. ಅದನ್ನು ತಿಳಿಯಲು ಮುಂಗೈಯ ನರ ಹಸಿರೋ ನೀಲಿಯೋ ನೋಡಿ ಎನ್ನುತ್ತಾರೆ. ಕಪ್ಪು ಚರ್ಮದಲ್ಲಿ ನರವೇ ಸರಿಯಾಗಿ ಕಾಣದಿರುವಾಗ ಆ ಪರೀಕ್ಷೆ ಹೆಚ್ಚು ನೆರವಾಗದು. ಮುಖದ ಪಕ್ಕದಲ್ಲಿ ಒಮ್ಮೆ ಚಿನ್ನದ ಸರ, ಒಮ್ಮೆ ಬೆಳ್ಳಿಯ ಸರ ಹಿಡಿದು ನೋಡಿ. ಚಿನ್ನ ಹೊಳೆದರೆ ಕೆಂಪು, ಹಳದಿ ಬೆರೆತ ಕಂದು. ಬೆಳ್ಳಿ ಹೊಳೆದರೆ ಗುಲಾಬಿ, ನೇರಳೆ ಬೆರೆತ ಕಂದು. ಎರಡೂ ಒಪ್ಪಿದರೆ ನೀವು ಅದೃಷ್ಟವಂತರು!

ತುಟಿಯ ಸ್ವಂತ ಬಣ್ಣವನ್ನು ಮರೆಯಬೇಡಿ. ನಮ್ಮಲ್ಲಿ ಅನೇಕರಿಗೆ ಮೇಲ್ದುಟಿ ಕಪ್ಪು, ಕೆಳದುಟಿ ಗುಲಾಬಿ. ಅದು ದೋಷವಲ್ಲ, ಹುಟ್ಟಿನಿಂದ ಬಂದದ್ದು. ಎರಡಕ್ಕೂ ನಡುವಿನ ಬಣ್ಣದ ಲಿಪ್ ಪೆನ್ಸಿಲ್‌ನಿಂದ ಇಡೀ ತುಟಿಯನ್ನು ತೆಳುವಾಗಿ ತುಂಬಿ, ಮೇಲೆ ಲಿಪ್‌ಸ್ಟಿಕ್ ಹಚ್ಚಿದರೆ ಬಣ್ಣ ಒಂದೇ ಸಮ ಕೂರುತ್ತದೆ. ಟಿಶ್ಯೂ ಕಾಗದ ಒತ್ತಿ ಇನ್ನೊಂದು ಪದರ ಹಚ್ಚಿದರೆ ನಮ್ಮ ಸೆಕೆಯಲ್ಲೂ ಮದುವೆಯೂಟದವರೆಗೆ ನಿಲ್ಲುತ್ತದೆ. ಹೊಳಪಿಲ್ಲದ ‘ಮ್ಯಾಟ್’ ಬಗೆಯದು ಇನ್ನೂ ಗಟ್ಟಿ, ಆದರೆ ತುಟಿ ಒಣಗಿಸುತ್ತದೆ. ಮೊದಲು ಲಿಪ್ ಬಾಮ್ ಹಚ್ಚಿ ಒರೆಸಿಕೊಳ್ಳಿ.

ಕೂದಲು ನರೆತವರಿಗೂ ಕಂದು ಚೆಂದ. ಮದರಂಗಿ ಹಚ್ಚಿ ಕೂದಲು ಕೆಂಪಾಗಿದ್ದರೆ ಹೆಂಚಿನ ಬಣ್ಣ ಅದಕ್ಕೆ ಜೋಡಿ. ಕೂದಲನ್ನು ಬೆಳ್ಳಗೆ ಬಿಟ್ಟವರು ಗುಲಾಬಿಗಂದು ಹಚ್ಚಿಕೊಳ್ಳಲಿ, ಮುಖ ಬಾಡಿದಂತೆ ಕಾಣದು. ಹಲ್ಲು ಸ್ವಲ್ಪ ಹಳದಿಯಾಗಿದ್ದವರು ಹಳದಿಗಂದನ್ನು ಬಿಡುವುದು ಒಳ್ಳೆಯದು, ಅದು ಹಲ್ಲಿನ ಹಳದಿಯನ್ನೇ ಎತ್ತಿ ತೋರಿಸುತ್ತದೆ.

ಕೊಳ್ಳುವಾಗ ಮುಂಗೈಗೆ ಹಚ್ಚಿ ನೋಡುವ ರೂಢಿ ಬಿಡಿ. ಬೆರಳ ತುದಿಯ ಬಣ್ಣ ತುಟಿಗೆ ಹೆಚ್ಚು ಹತ್ತಿರ, ಅಲ್ಲಿ ಹಚ್ಚಿಕೊಳ್ಳಿ. ಹಚ್ಚಿ ನೋಡಲೆಂದು ಅಂಗಡಿಯಲ್ಲಿ ಇಟ್ಟ, ಹತ್ತಾರು ಜನ ಮುಟ್ಟಿದ ಟೆಸ್ಟರನ್ನು ನೇರವಾಗಿ ತುಟಿಗೆ ತಾಗಿಸಬೇಡಿ, ಸೋಂಕು ಹರಡಬಹುದು. ಅಂಗಡಿಯ ದೀಪದಲ್ಲಿ ಎಲ್ಲ ಕಂದೂ ಒಂದೇ ತೆರನಾಗಿ ಕಾಣುತ್ತವೆ. ಬಾಗಿಲಿನ ಹೊರಗೆ ಬಂದು, ಹಗಲಿನ ಬೆಳಕಿನಲ್ಲಿ ನೋಡಿ, ಆಮೇಲೆ ದುಡ್ಡು ಕೊಡಿ. ಜೊತೆಗೆ ಬಂದ ಚಿಕ್ಕಮ್ಮನಿಗೂ ಒಂದನ್ನು ಹಚ್ಚಿ ನೋಡಲು ಹೇಳಿ.

ನಮಸ್ಕಾರ.