ಕಂಬದ ನೆರಳಲ್ಲಿ ನಿಂತವರ ಲೆಕ್ಕ

(ಕಲಬುರಗಿಯಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಮುಂದೆ ನಿವೃತ್ತ ಡಿಪೋ ಮೆಕ್ಯಾನಿಕ್ ಒಬ್ಬರ ಉಪನ್ಯಾಸ)

ಎಲ್ಲರಿಗೂ ಶರಣು. ಒಳಗೆ ಬರುವಾಗ ನೋಡಿದೆ. ಬೇವಿನ ಮರದ ಕೆಳಗೆ ನಿಮ್ಮ ಬೈಕುಗಳು ತಂಪಾಗಿ ನಿಂತಿವೆ. ಗೇಟಿನ ಹೊರಗೆ ಬಸ್ ಸ್ಟಾಪಿನಲ್ಲಿ ಆರೇಳು ಜನ ಕರೆಂಟ್ ಕಂಬದ ನೆರಳಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ. ನೆರಳು ಸರಿದಂತೆ ಸಾಲೂ ಸರಿಯುತ್ತದೆ. ನಮ್ಮೂರ ಮೇ ತಿಂಗಳ ಬಿಸಿಲನ್ನು ನಿಮಗೆ ಹೇಳಬೇಕಿಲ್ಲ. ಹೀಗೆ ನಿಂತವನು ಎಷ್ಟು ದಿನ ಕಾದಾನು? ಸಾಲ ಮಾಡಿಯಾದರೂ ಬೈಕು ತಗೊಳ್ತಾನೆ, ಅಲ್ವಾ?

ನಾನು ಡಿಪೋದಲ್ಲಿ ಇಂಜಿನ್ ಬಿಚ್ಚಿ ಕಟ್ಟಿದವನು. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ ಕಡೆ ಓಡುವ ಬಸ್ಸಿನ ಏರ್ ಫಿಲ್ಟರ್ ತೆಗೆದು ನೆಲಕ್ಕೆ ತಟ್ಟಿದರೆ ಬೂದಿ ಬಣ್ಣದ ಧೂಳಿನ ಗುಡ್ಡೆ ಬೀಳುತ್ತಿತ್ತು. ಫಿಲ್ಟರ್ ಕಟ್ಟಿಕೊಂಡರೆ ಇಂಜಿನ್‌ಗೆ ಉಸಿರಿಲ್ಲ, ಡೀಸೆಲ್ ಪೂರ್ತಿ ಉರಿಯಲ್ಲ, ಕಪ್ಪು ಹೊಗೆ. ಆದರೆ ಕಪ್ಪು ಹೊಗೆ ಬೇರೆ, ಕಾರ್ಬನ್ ಡೈ ಆಕ್ಸೈಡ್ ಬೇರೆ. ಭೂಮಿಯನ್ನು ಬಿಸಿ ಮಾಡುವ ಎರಡನೆಯದು ಕಣ್ಣಿಗೆ ಕಾಣಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಅನ್ನುವ ಮಾಲಿನ್ಯ ನಿಯಮದ ಗಾಡಿಗಳಲ್ಲಿ ಹೊಗೆ ಬಹಳ ಕಡಿಮೆ. ಹಾಗಂತ ಕಾರ್ಬನ್ ಹೋಗಿಲ್ಲ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಕಾರ್ಬನ್ ಡೈ ಆಕ್ಸೈಡ್ ಬಂದೇ ಬರುತ್ತದೆ. ಪೆಟ್ರೋಲಿಗೆ 2.3.

ಈಗ ಪೆನ್ನು ತೆಗೆಯಿರಿ. ಬೈಕು ಲೀಟರಿಗೆ 45 ಕಿಲೋಮೀಟರ್ ಕೊಡುತ್ತದೆ ಅಂದುಕೊಳ್ಳಿ. ಕಿಲೋಮೀಟರಿಗೆ ಸುಮಾರು 50 ಗ್ರಾಂ ಆಯಿತು. ಊರೊಳಗೆ ನಿಂತು ನಿಂತು ಓಡುವ ಬಸ್ಸು 4 ಕೊಟ್ಟರೆ 675 ಗ್ರಾಂ. ಬಸ್ಸಿನಲ್ಲಿ ಐದೇ ಜನ ಇದ್ದರೆ ತಲೆಗೆ 135. ಒಂಟಿ ಬೈಕಿನವನೇ ವಾಸಿ! ಹದಿನಾಲ್ಕು ಜನ ಹತ್ತಿದರೆ ಬಸ್ಸು ಗೆಲ್ಲುತ್ತದೆ. 45 ಜನ ಹತ್ತಿದರೆ ತಲೆಗೆ ಬರೀ 15 ಗ್ರಾಂ. ಅದೇ ಹಳೇ ಬಸ್ಸು, ಅದೇ ಡೀಸೆಲ್. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾಯಿತಲ್ಲ, ಅದನ್ನು ಕಾರ್ಬನ್ ಲೆಕ್ಕದಲ್ಲಿ ನೋಡಿದವರು ಕಡಿಮೆ. ನಾನು ನೋಡುತ್ತೇನೆ. ಆದರೆ ಬಸ್ಸಿನ ಸಂಖ್ಯೆ ಜೊತೆಜೊತೆಗೇ ಏರದಿದ್ದರೆ ಬಾಗಿಲಲ್ಲಿ ನೇತಾಡಿ ಸುಸ್ತಾದವನು ಮತ್ತೆ ಬೈಕಿನ ಶೋರೂಮಿಗೇ ಹೋಗುತ್ತಾನೆ.

ಎಲೆಕ್ಟ್ರಿಕ್ ಬಸ್ಸಿನ ವಿಷಯ ಕೇಳುತ್ತೀರಿ, ಗೊತ್ತು. ಆಟೋ, ಟಂಟಂಗಳ ಮಟ್ಟಿಗೆ ನನಗೆ ಅನುಮಾನವೇ ಇಲ್ಲ, ಬ್ಯಾಟರಿಗೇ ಹೋಗಲಿ. ಬಸ್ಸಿಗೆ ಸ್ವಲ್ಪ ತಾಳಿ. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈ ಆಕ್ಸೈಡ್, ಯಾಕೆಂದರೆ ಜಾಸ್ತಿ ಕರೆಂಟು ಕಲ್ಲಿದ್ದಲಿನದು. ಬಸ್ಸು ಕಿಲೋಮೀಟರಿಗೆ ಒಂದು ಯೂನಿಟ್ ತಿಂದರೆ 700 ಗ್ರಾಂ. ಡೀಸೆಲ್ ಬಸ್ಸಿಗೆ ಸರಿಸಮ! ನಮ್ಮೂರ ಸೂಪರ್ ಮಾರ್ಕೆಟ್ ಬೀದಿಯ ಗದ್ದಲದಲ್ಲಿ ಹೊಗೆ ಇರಲ್ಲ, ಅದು ಲಾಭವೇ. ಆದರೆ ರಾಯಚೂರು ಕಡೆಯ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದ ಚಿಮಣಿಯಲ್ಲಿ ಇರುತ್ತದೆ.

ಹಾಗಾಗಿ ಬಸ್ಸಿಗೆ ಯಾವ ಹೊತ್ತಿನ ಕರೆಂಟು ಕುಡಿಸುತ್ತೇವೆ ಅನ್ನುವುದೇ ಮುಖ್ಯ. ಮಧ್ಯಾಹ್ನ ಹನ್ನೆರಡರಿಂದ ಮೂರು ನಮ್ಮ ಊರಲ್ಲಿ ರಸ್ತೆ ಖಾಲಿ. ಬಿಸಿಲಿಗೆ ಹೆದರಿ ಪ್ರಯಾಣಿಕರೂ ಕಡಿಮೆ. ಸೋಲಾರ್ ಮಾತ್ರ ಆಗಲೇ ಜೋರು. ಒಂದಷ್ಟು ಬಸ್ಸು ಆ ಹೊತ್ತಿಗೆ ಡಿಪೋಗೆ ಬರಲಿ. ಡ್ರೈವರ್, ಕಂಡಕ್ಟರ್ ರೊಟ್ಟಿ ಬುತ್ತಿ ಬಿಚ್ಚುವಷ್ಟರಲ್ಲಿ ಅದೂ ಹೊಟ್ಟೆ ತುಂಬಿಸಿಕೊಳ್ಳಲಿ. ಬ್ಯಾಟರಿಗೆ ಸೆಖೆ ಆಗಿಬರಲ್ಲ, ಆದ್ದರಿಂದ ಪ್ಯಾನಲ್‌ಗಳನ್ನೇ ಚಪ್ಪರದ ಹಾಗೆ ಮೇಲೆ ಹಾಕಿದರೆ ಕರೆಂಟೂ ಆಯಿತು, ನೆರಳೂ ಆಯಿತು.

ಅದೆಲ್ಲ ದೊಡ್ಡ ದುಡ್ಡಿನ ಕೆಲಸ, ಟೈಮ್ ಹಿಡಿಯುತ್ತದೆ. ಹೊರಗಿನ ಸ್ಟಾಪಿಗೆ ತಗಡು ಹಾಕುವುದಕ್ಕೆ ಅಷ್ಟು ಬೇಡ. ನಿಮ್ಮ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಸೆಟ್ಟೂ ಇದೆ, ಆಂಗಲ್ಲೂ ಬಿದ್ದಿವೆ. ಪಾಲಿಕೆಗೆ ಅರ್ಜಿ ಬರೆಯೋಣ ಅಂತ ನಿಮ್ಮ ಪ್ರಿನ್ಸಿಪಾಲರು ಒಪ್ಪಿದ್ದಾರೆ. ಅಳತೆ ಟೇಪು ನನ್ನ ಚೀಲದಲ್ಲಿದೆ. ಚಹಾ ಕುಡಿದು ಇಬ್ಬರು ನನ್ನ ಜೊತೆ ಬನ್ನಿ.