ಕಾಲುವೆಯ ಕೊನೆ ಭಾಗ

ಕೇಳುಗರೇ, ನಮಸ್ಕಾರ.

ಮೊನ್ನೆ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಎಂಆರ್‌ಐ ಫಿಲ್ಮು ಹಿಡಿದು ಬಂದರು. ತಲೆಸುತ್ತು ಅಂತ ಮಾಡಿಸಿದ್ದು. ಬೆಳಕಿಗೆ ಹಿಡಿದೆ. ಮಿದುಳಿನ ನಡುವಿನ ಕಪ್ಪು ಕುಳಿಗಳ ಅಂಚಿಗೆ ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕೆಗಳು. "ಡಾಕ್ಟ್ರೇ, ಇದು ಲಕ್ವದ ಗುರುತಾ?" ಅಂದರು.

ಉತ್ತರ ಅಷ್ಟು ಸುಲಭವಲ್ಲ. ಮಿದುಳಿನ ಒಳಭಾಗದಲ್ಲಿ ನರತಂತುಗಳ ಕಟ್ಟುಗಳಿವೆ. ಅವುಗಳ ಮೇಲೆ ಕೊಬ್ಬಿನ ಹೊದಿಕೆ ಇರುವುದರಿಂದ ಬೆಳ್ಳಗೆ ಕಾಣುತ್ತವೆ. ಅಲ್ಲಿಗೆ ರಕ್ತ ಒಯ್ಯುವ ನಾಳಗಳು ಎಳೆಯಷ್ಟು ಸಣ್ಣವು. ಕಾಲುವೆಯ ಕೊನೆ ಭಾಗದ ಗದ್ದೆ ಗೊತ್ತಲ್ವಾ? ನೀರು ಕಮ್ಮಿಯಾದರೆ ಮೊದಲು ಒಣಗೋದು ಅದೇ. ವಯಸ್ಸಾದಂತೆ, ಅದರಲ್ಲೂ ವರ್ಷಗಟ್ಟಲೆ ಬಿ.ಪಿ. ಏರಿದ್ದರೆ, ಈ ನಾಳಗಳ ಗೋಡೆ ದಪ್ಪಗಾಗಿ ಗಡುಸಾಗುತ್ತದೆ. ಒಣಗಿದ ಜಾಗವೇ ಆ ಚುಕ್ಕೆ.

1987ರಲ್ಲಿ ಕೆನಡಾದ ವ್ಲಾಡಿಮಿರ್ ಹಾಚಿನ್‌ಸ್ಕಿ ಮತ್ತು ಸಂಗಡಿಗರು ಇದಕ್ಕೆ 'ಲ್ಯೂಕೋಅರಾಯೋಸಿಸ್' ಎಂದು ಹೆಸರಿಟ್ಟರು. ಗ್ರೀಕ್ ಪದ. ಬಿಳಿಭಾಗ ಸಡಿಲವಾಗಿದೆ ಅಂತಷ್ಟೇ ಅರ್ಥ, ಕಾರಣ ಏನೂ ಹೇಳುವುದಿಲ್ಲ!

ಲಕ್ವ ಎಲ್ಲವೂ ಒಂದೇ ಅಲ್ಲ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೇರಿ ದೊಡ್ಡ ನಾಳವನ್ನು ಮುಚ್ಚಬಹುದು. ಕುತ್ತಿಗೆಯ ನಾಳದಲ್ಲಿ ಕೊಬ್ಬು ಕಟ್ಟಬಹುದು. ಬಿಳಿ ಚುಕ್ಕೆಗಳಿಗೆ ಇವುಗಳಿಗಿಂತ ಹತ್ತಿರದ ನೆಂಟ ಬೇರೆ ಇದ್ದಾನೆ. ಅದು ಲ್ಯಾಕುನಾರ್ ಲಕ್ವ. ಆಳದ ಸಣ್ಣ ನಾಳವೊಂದು ಮುಚ್ಚಿ, ಉಳಿಯುವ ಗುಳಿ ಸಾಮಾನ್ಯವಾಗಿ 15 ಮಿಲಿಮೀಟರ್ ಒಳಗೇ. ರೋಗಿಗೆ ಎಲ್ಲ ಅರ್ಥವಾಗುತ್ತದೆ, ಬೇಕಾದ ಪದವೂ ಸಿಗುತ್ತದೆ. ಆದರೆ ಬೆಳಿಗ್ಗೆ ಏಳುವಾಗ ಒಂದು ಮಗ್ಗುಲ ಮುಖ, ಕೈ, ಕಾಲು ಮಾತು ಕೇಳುವುದಿಲ್ಲ. ಚುಕ್ಕೆಯೂ ಈ ಗುಳಿಯೂ ಅದೇ ಕೆಟ್ಟ ನಾಳಗಳ ಫಲ.

ಅವೇ ನಾಳಗಳು ಒಡೆಯಲೂಬಹುದು. ಆಗ ಮಿದುಳಲ್ಲಿ ರಕ್ತಸ್ರಾವ. ಹಾಗಾಗಿ ಚುಕ್ಕೆ ಜಾಸ್ತಿ ಇದ್ದವರಿಗೆ ರಕ್ತ ತೆಳು ಮಾಡುವ ಮಾತ್ರೆ ಬರೆಯುವಾಗ ನಾವು ಎರಡು ಸಲ ಲೆಕ್ಕ ಹಾಕುತ್ತೇವೆ. ಇದನ್ನು ಕೇಳಿ ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಮತ್ತೆ.

ಮೂಡಿದ ಚುಕ್ಕೆ ಅಳಿಸುವ ಔಷಧಿ ನಮ್ಮಲ್ಲಿಲ್ಲ. ಆದರೆ 2019ರಲ್ಲಿ ಅಮೆರಿಕದ 'ಸ್ಪ್ರಿಂಟ್ ಮೈಂಡ್' ಅಧ್ಯಯನ ಒಂದು ವಿಷಯ ತೋರಿಸಿತು. ಮೇಲಿನ ಬಿ.ಪಿ.ಯನ್ನು 140ರ ಬದಲು 120ರ ಒಳಗೆ ತರಲು ನೋಡಿದವರಲ್ಲಿ ಚುಕ್ಕೆಗಳು ಬೆಳೆದದ್ದು ಕಮ್ಮಿ. ಎಲ್ಲರಿಗೂ 120 ಒಗ್ಗುವುದಿಲ್ಲ, ಆ ಮಾತು ಬೇರೆ.

ಹಿರಿಯರನ್ನು ಕೇಳಿದೆ, "ಬಿ.ಪಿ. ಮಾತ್ರೆ?"

"ಚೆನ್ನಾಗಿದ್ದೆನಲ್ಲ, ಯುಗಾದಿಗೇ ಬಿಟ್ಟುಬಿಟ್ಟೆ."

ಫಿಲ್ಮನ್ನು ಚೀಲಕ್ಕೆ ಹಾಕಿ, ಅವರ ತೋಳಿಗೆ ಪಟ್ಟಿ ಸುತ್ತಿದೆ.