ಗಾಳಿ ಇಲ್ಲದ ಟೈರು: ಬೆಂಗಳೂರಲ್ಲಿ ಮೊದಲು ಯಾರಿಗೆ?

ನಮಸ್ಕಾರ. ಇವತ್ತು ಜೆ.ಸಿ. ರೋಡಿಗೆ ಬಂದಿದ್ದೇನೆ. ಕಾರಿಗೆ ಏನು ಬೇಕಾದರೂ ಬೆಂಗಳೂರಿನವರು ಮೊದಲು ನೆನೆಯುವುದು ಈ ರಸ್ತೆಯನ್ನೇ. ಸೀಟ್ ಕವರ್, ಹಾರ್ನ್, ಹಳೇ ಮಾಡೆಲ್ಲಿನ ಹೆಡ್‌ಲೈಟ್, ಏನೇ ಕೇಳಿ, ಈ ಅಂಗಡಿಯಲ್ಲಿ ಇಲ್ಲದಿದ್ದರೆ ಪಕ್ಕದ ಅಂಗಡಿಯಿಂದ ತರಿಸಿಕೊಡುತ್ತಾರೆ. ನಾನು ಕೇಳಿದ ಒಂದು ಮಾತ್ರ ಯಾರ ಹತ್ತಿರವೂ ಇಲ್ಲ. ಗಾಳಿ ಇಲ್ಲದ ಟೈರು.

ಆ ರೀಲ್ ನೀವೂ ನೋಡಿರುತ್ತೀರಿ. ಕಪ್ಪು ಚಕ್ರ, ಪಕ್ಕದಿಂದ ನೋಡಿದರೆ ಆಚೆ ಕಡೆಯೆಲ್ಲ ಕಾಣಿಸುತ್ತದೆ. ಮೊಳೆ ಹೊಡೆದ ಹಲಗೆ ಮೇಲೆ ಹತ್ತಿಸಿದರೂ ಏನೂ ಆಗುವುದಿಲ್ಲ. ಕೆಳಗೆ ದೊಡ್ಡಕ್ಷರದಲ್ಲಿ, ಇನ್ನು ಮುಂದೆ ಪಂಕ್ಚರ್ರೇ ಇಲ್ಲ, ಇನ್ನೇನು ಎಲ್ಲ ಕಾರಿಗೂ ಬಂತು ಅಂತ. ಈ 'ಇನ್ನೇನು ಬಂತು' ಶುರುವಾಗಿ 20 ವರ್ಷ ಆಯಿತು.

2005ರಲ್ಲಿ ಮಿಶಲಿನ್ ಕಂಪನಿ ಟ್ವೀಲ್ ಅನ್ನುವ ಚಕ್ರ ತೋರಿಸಿತು. ಕಾರಿಗೂ ಹಾಕಿ ಓಡಿಸಿ ನೋಡಿದರು. ಗಂಟೆಗೆ 80 ಕಿಲೋಮೀಟರ್ ದಾಟಿದರೆ ನಡುಕ, ಸದ್ದು ಎರಡೂ ಜಾಸ್ತಿ. ಹಾಗಾಗಿ ಅದು ಕಾರನ್ನು ಬಿಟ್ಟು ಹುಲ್ಲು ಕತ್ತರಿಸುವ ಯಂತ್ರಕ್ಕೆ, ಮಣ್ಣು ಎತ್ತುವ ಸಣ್ಣ ಲೋಡರ್‌ಗಳಿಗೆ ಹೋಯಿತು. ಅಲ್ಲಿ ಚೆನ್ನಾಗೇ ನಡೆಯಿತು. ಆಮೇಲೆ 2019ರಲ್ಲಿ ಅದೇ ಮಿಶಲಿನ್, ಜನರಲ್ ಮೋಟಾರ್ಸ್ ಜೊತೆ ಸೇರಿ ಅಪ್ಟಿಸ್ ಅಂತ ಇನ್ನೊಂದನ್ನು ತಂದಿತು. 2024ರ ಹೊತ್ತಿಗೆ ಮಾಮೂಲಿ ಕಾರುಗಳಿಗೆ ಕೊಡುವ ಗುರಿ ಅಂದರು. 2024 ಬಂತು, ಹೋಯಿತು. ಜೆ.ಸಿ. ರೋಡಲ್ಲಿ ನಾನು ಬರಿಗೈಲಿ ನಿಂತಿದ್ದೇನೆ.

ಹಾಗಂತ ಅವರು ಸುಮ್ನೆ ಕೂತಿಲ್ಲ. ಸಿಂಗಪುರದಲ್ಲಿ ಡಿಎಚ್‌ಎಲ್ ಡೆಲಿವರಿ ವ್ಯಾನುಗಳಿಗೆ ಹಾಕಿ ಓಡಿಸಿದರು. ಫ್ರಾನ್ಸಿನ ಅಂಚೆ ವ್ಯಾನುಗಳಿಗೂ ಹಾಕಿದರು. ಬ್ರಿಡ್ಜ್‌ಸ್ಟೋನ್ ಕಂಪನಿ 2011ರಿಂದ ತನ್ನದೇ ಒಂದನ್ನು ತೋರಿಸುತ್ತಿದೆ. ಈಗ ಜಪಾನಿನಲ್ಲಿ ಗಂಟೆಗೆ 20 ಕಿಲೋಮೀಟರ್ ಒಳಗೆ ಓಡುವ ಸಣ್ಣ ಎಲೆಕ್ಟ್ರಿಕ್ ಗಾಡಿಗಳಿಗೆ ಅದನ್ನು ಹಾಕಿ ನೋಡುತ್ತಿದ್ದಾರೆ. ಗುಡ್‌ಇಯರ್ 2021ರಲ್ಲಿ ಅಮೆರಿಕದ ಜಾಕ್ಸನ್‌ವಿಲ್‌ನಲ್ಲಿ ಡ್ರೈವರ್ ಇಲ್ಲದ ಶಟಲ್‌ಗೆ ಹಾಕಿತು. ಅಷ್ಟೇಕೆ, 1971ರಲ್ಲೇ ಚಂದ್ರನ ಮೇಲೆ ಓಡಿದ ಗಾಡಿಗೆ ಗಾಳಿ ಇರಲಿಲ್ಲ, ಉಕ್ಕಿನ ತಂತಿ ಹೆಣೆದ ಚಕ್ರ ಇತ್ತು. ಇದೆಲ್ಲದರಲ್ಲೂ ಒಂದು ಸಾಮಾನ್ಯ ವಿಷಯ ಇದೆ, ಗಮನಿಸಿದಿರಾ? ಮನೆಯವರೆಲ್ಲ ಕೂತು ಹೈವೇಯಲ್ಲಿ ಹೋಗುವ ಗಾಡಿ ಒಂದೂ ಇಲ್ಲ.

ಕಾರಣ ತಿಳಿಯಬೇಕಾದರೆ ಮೊದಲು ಗಾಳಿ ಟೈರು ಏನು ಮಾಡುತ್ತದೆ ನೋಡೋಣ. ಬಂಕಲ್ಲಿ 'ಮೂವತ್ಮೂರು ಹಾಕಿ ಅಣ್ಣ' ಅನ್ನುತ್ತೇವಲ್ಲ, ಆ 33 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಸುಮಾರು 2.3 ಕೆಜಿ ಒತ್ತಡ. ಸಣ್ಣ ಕಾರು, ಒಳಗೆ ಜನ, ಎಲ್ಲ ಸೇರಿ ಒಂದು ಚಕ್ರದ ಮೇಲೆ 300 ಕೆಜಿ ಅಂದುಕೊಳ್ಳಿ. ಭಾಗಿಸಿದರೆ 130 ಚದರ ಸೆಂಟಿಮೀಟರ್. ಒಂದು ಅಂಗೈ ಅಗಲ. ಪ್ರತಿ ಟೈರು ರಸ್ತೆಗೆ ತಾಗುವುದು ಹೆಚ್ಚುಕಡಿಮೆ ಅಷ್ಟೇ. ಭಾರ ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಒಳಗಿನ ಒತ್ತಡ. ಗಾಳಿಯ ತೂಕ ಇಲ್ಲವೆನ್ನುವಷ್ಟು ಕಮ್ಮಿ, ಎಷ್ಟು ಸಲ ಒತ್ತಿದರೂ ದಣಿಯುವುದಿಲ್ಲ, ಬೆಲೆಯಂತೂ ಇಲ್ಲವೇ ಇಲ್ಲ. ಊರಿಗೆ ಐದು ಜನ, ಡಿಕ್ಕಿ ತುಂಬ ಲಗೇಜು ಅಂದರೆ ಎರಡು ಮೂರು ಪಾಯಿಂಟ್ ಜಾಸ್ತಿ ಹಾಕಿಸಿದರಾಯಿತು.

ಗಾಳಿ ಇಲ್ಲದ ಟೈರಲ್ಲಿ ಈ ಕೆಲಸವನ್ನು ಬಳುಕುವ ಕಡ್ಡಿಗಳು ಮಾಡಬೇಕು. ನಡುವೆ ಕಾರಿನ ಅಚ್ಚಿಗೆ ಕೂರುವ ಹಬ್, ಸುತ್ತಲೂ ಕಡ್ಡಿಗಳು, ಅವುಗಳ ಹೊರಗೆ ಗಟ್ಟಿಯಾದ ಒಂದು ಪಟ್ಟಿ, ಅದರ ಮೇಲೆ ಟ್ರೆಡ್, ಅಂದರೆ ರಸ್ತೆಗೆ ತಾಗುವ ರಬ್ಬರು. ಅಪ್ಟಿಸ್‌ನಲ್ಲಿ ಈ ಕಡ್ಡಿಗಳಿಗೆ ಗ್ಲಾಸ್ ಫೈಬರ್ ಸೇರಿಸಿದ ರೆಸಿನ್, ಅಂದರೆ ಒಂಥರಾ ಪ್ಲಾಸ್ಟಿಕ್, ಬಳಸಿದ್ದಾರೆ. ಮಜಾ ಏನೆಂದರೆ ಭಾರ ಹೊರುವುದು ಕೆಳಗಿನ ಕಡ್ಡಿಗಳಲ್ಲ. ಅವು ನೆಲ ತಾಗಿದಾಗ ಮಡಚಿಕೊಳ್ಳುತ್ತವೆ. ಮೇಲಿನ ಕಡ್ಡಿಗಳಿಂದ ಹಬ್ ನೇತಾಡುತ್ತದೆ, ಅಂದರೆ ನಿಮ್ಮ ಕಾರು ನೇತಾಡುತ್ತದೆ. ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಪ್ರತಿ ಕಡ್ಡಿಯೂ ಒಮ್ಮೆ ಮಡಚಿ ಒಮ್ಮೆ ಬಿಚ್ಚಿಕೊಳ್ಳಬೇಕು. ಸಣ್ಣ ಕಾರು 100ರ ವೇಗದಲ್ಲಿದ್ದರೆ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೂವರೆ ಗಂಟೆ ಹೀಗೇ ಹೋದರೆ? ಬಿಸಿ ಏರುತ್ತದೆ, ಕಡ್ಡಿ ದಣಿಯುತ್ತದೆ, ಸದ್ದೂ ಬರುತ್ತದೆ. ಹೀಗೆ ಬಿಸಿಯಾಗಿ ಹೋಗುವ ಶಕ್ತಿ ಪೆಟ್ರೋಲಿಂದಲೋ ಬ್ಯಾಟರಿಯಿಂದಲೋ ಬರಬೇಕು ತಾನೆ. ಸಿಲ್ಕ್ ಬೋರ್ಡಲ್ಲಾದರೆ ಈ ತೊಂದರೆ ಇಲ್ಲ ಬಿಡಿ, ಅಲ್ಲಿ ಚಕ್ರ ಒಂದು ಸುತ್ತು ತಿರುಗಿದರೆ ಅದೇ ದೊಡ್ಡದು.

ಈಗ ಪಂಕ್ಚರ್ ವಿಷಯಕ್ಕೆ ಬರೋಣ. ಔಟರ್ ರಿಂಗ್ ರೋಡಲ್ಲಿ ಬೇಕಂತಲೇ ಮೊಳೆ ಚೆಲ್ಲುತ್ತಾರೆ ಅನ್ನುವ ದೂರು ಹಳೆಯದು. ಮ್ಯಾಗ್ನೆಟ್ ಹಿಡಿದು ದಿನಾ ಮೊಳೆ ಆಯುತ್ತಿದ್ದ ಐಟಿ ಉದ್ಯೋಗಿಯೊಬ್ಬರ ಸುದ್ದಿ ಪೇಪರಲ್ಲೆಲ್ಲ ಬಂದಿತ್ತು. ಆದರೂ ಟ್ಯೂಬ್‌ಲೆಸ್ ಬಂದ ಮೇಲೆ ಮೊಳೆ ಅಷ್ಟೇನೂ ದೊಡ್ಡ ತಲೆನೋವಲ್ಲ. ಈ ಶಾಟ್ ನೋಡಿ. ಟೈರಿನ ಮೇಲೆ ಸೋಪಿನ ನೀರು ಹಾಕಿದರು, ಒಂದು ಕಡೆ ಸಣ್ಣ ಗುಳ್ಳೆ ಬಂತು. ಇಕ್ಕಳದಲ್ಲಿ ಮೊಳೆ ಎಳೆದರು. ಹಿಡಿಕೆ ಇರುವ ಒರಟು ಸೂಜಿಯನ್ನು ತೂತಿನೊಳಗೆ ತಿರುಗಿಸಿ ತಿರುಗಿಸಿ ಉಜ್ಜಿದರು. ಅಂಟು ಹಚ್ಚಿದ ಸ್ಟ್ರಿಪ್ ತುರುಕಿ, ಹೊರಗೆ ಉಳಿದ ಬಾಲ ಕತ್ತರಿಸಿದರು. ಚಕ್ರ ಬಿಚ್ಚಲೂ ಇಲ್ಲ. ನಾನು ಟೀ ಮುಗಿಸುವಷ್ಟರಲ್ಲಿ ಕೆಲಸ ಮುಗಿದಿತ್ತು.

ನಮ್ಮೂರಲ್ಲಿ ಟೈರನ್ನು ನಿಜವಾಗಿ ಕೊಲ್ಲುವುದು ಗುಂಡಿ. ಅಂಗಡಿ ಪಕ್ಕದಲ್ಲಿ ಎಸೆದ ಟೈರುಗಳ ರಾಶಿ ಇದೆ, ಕ್ಯಾಮೆರಾ ಹತ್ತಿರ ತರುತ್ತೇನೆ. ಇದರ ಟ್ರೆಡ್ ನೋಡಿ, ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಪಕ್ಕೆಯಲ್ಲಿ ಮಾತ್ರ ನಿಂಬೆಹಣ್ಣಿನ ಗಾತ್ರದ ಉಬ್ಬು. ಮಳೆ ನೀರು ತುಂಬಿದ ಗುಂಡಿಗೆ ಚಕ್ರ ಇಳಿದಾಗ, ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರು ಸಿಕ್ಕಿ ನಜ್ಜುತ್ತದೆ. ಒಳಗಿನ ದಾರಗಳು ಹರಿಯುತ್ತವೆ. ಅಲ್ಲಿ ರಬ್ಬರನ್ನು ಹಿಡಿದಿಡಲು ಏನೂ ಇರುವುದಿಲ್ಲ, ಗಾಳಿ ಅದನ್ನು ಹೊರಗೆ ನೂಕುತ್ತದೆ. ಇದಕ್ಕೆ ಸ್ಟ್ರಿಪ್ಪೂ ಇಲ್ಲ, ಪ್ಯಾಚೂ ಇಲ್ಲ. ಟೈರು ಬಿಸಾಕಲೇಬೇಕು. ಪಂಕ್ಚರ್, ಪೆಟ್ಟು, ಸರಿಯಿಲ್ಲದ ಸವೆತ, ಇವುಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 20 ಕೋಟಿ ಟೈರು ಆಯಸ್ಸು ಮುಗಿಯುವ ಮೊದಲೇ ಕಸಕ್ಕೆ ಹೋಗುತ್ತವೆ ಅನ್ನುವುದು ಮಿಶಲಿನ್ ಲೆಕ್ಕ. ಗಾಳಿ ಇಲ್ಲದ ಟೈರಿಗೆ ಹೀಗೆ ಉಬ್ಬುವ ಪಕ್ಕೆಯೇ ಇಲ್ಲ. ಬೆಂಗಳೂರಿಗೆ ಇದರ ಆಸೆ ತೋರಿಸುವವರು ಮೊಳೆ ಬಿಟ್ಟು ಗುಂಡಿ ತೋರಿಸಬೇಕು ಅನ್ನುತ್ತೇನೆ ನಾನು.

ಅದೇ ರಸ್ತೆಯಲ್ಲಿ ಕೆಸರೂ ಇದೆ, ಜಲ್ಲಿಯೂ ಇದೆ. ಪಕ್ಕ ತೆರೆದಿರುವ ಚಕ್ರದೊಳಗೆ ಮಳೆಗಾಲದಲ್ಲಿ ಏನೆಲ್ಲ ಸೇರಬಹುದು ಯೋಚಿಸಿ. ಕಡ್ಡಿಗಳ ನಡುವೆ ಒಂದು ಕಡೆ ಮಣ್ಣು ಕೂತು ಒಣಗಿದರೆ ಬ್ಯಾಲೆನ್ಸ್ ಹೋಯಿತು, ಸ್ಟೀರಿಂಗ್ ನಡುಗುತ್ತದೆ.

ಟೈರ್ ಅಂಗಡಿಯ ಅಣ್ಣನಿಗೆ ಫೋನಲ್ಲಿ ಅಪ್ಟಿಸ್ ವಿಡಿಯೋ ತೋರಿಸಿದೆ. ಪೂರ್ತಿ ನೋಡಿದರು. 'ಚೆನ್ನಾಗಿದೆ ಸಾರ್. ಟ್ರೆಡ್ ಸವೆದ ಮೇಲೆ ಏನ್ ಮಾಡ್ತಾರೆ? ರಿಮ್ಮೂ ಎಸೀಬೇಕಾ?' ಎಂದರು. ಇಷ್ಟು ದಿನ ನಾನು ನೋಡಿದ ಯಾವ ರೀಲಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಪಂಕ್ಚರ್ ಆಗದಿದ್ದರೂ ರಬ್ಬರ್ ಸವೆಯುತ್ತದೆ ಅಲ್ವಾ? ಅಪ್ಟಿಸ್‌ನಲ್ಲಿ ರಿಮ್ಮು, ಕಡ್ಡಿ, ಟ್ರೆಡ್ ಎಲ್ಲ ಒಂದಕ್ಕೊಂದು ಅಂಟಿದ ಒಂದೇ ಜೋಡಣೆ. ಇವರ ಅಂಗಡಿಯ ಮೆಷಿನ್ನಿಗೆ ಹಾಕಿ ಟೈರು ಮಾತ್ರ ಬಿಚ್ಚಲು ಆಗುವುದಿಲ್ಲ. ಬ್ರಿಡ್ಜ್‌ಸ್ಟೋನ್‌ನವರು ಟ್ರೆಡ್ ಮಾತ್ರ ಬದಲಿಸಿ ಮತ್ತೆ ಬಳಸುವ ದಾರಿ ಹೇಳುತ್ತಾರೆ. ಅದು ಸವೆದ ಟೈರಿಗೆ ಹೊಸ ಟ್ರೆಡ್ ಹಾಕುವ ನಮ್ಮ ರೀಸೋಲ್ ಅಂಗಡಿಗಳವರೆಗೆ ಇಳಿದು ಬಂದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಕಾನೂನಿನ ಮಾತು ಒಂದೆರಡು ವಾಕ್ಯದಲ್ಲಿ ಮುಗಿಸುತ್ತೇನೆ. ಟೈರಿನ ಗುಣಮಟ್ಟಕ್ಕೆ ಕೇಂದ್ರ ಸರ್ಕಾರ 2009ರಲ್ಲಿ ತಂದ ಆದೇಶ ಇರುವುದೇ ಗಾಳಿ ಟೈರಿಗೆ, ಗಾಳಿ ಇಲ್ಲದ್ದರ ಮಾತು ಅದರಲ್ಲಿಲ್ಲ. ವಿದೇಶದಿಂದ ತರಿಸಿ ಹಾಕಿಸೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ.

ಹಾಗಾದರೆ ಮೊದಲು ಯಾರಿಗೆ? ನನ್ನ ಪ್ರಕಾರ ಸಿಗ್ನಲ್ಲಲ್ಲಿ ನಮ್ಮ ಪಕ್ಕ ನಿಲ್ಲುವ ಆ ಎಲೆಕ್ಟ್ರಿಕ್ ಸಾಮಾನು ಗಾಡಿಗೆ. ದಿನವಿಡೀ ಊರೊಳಗೇ ಓಡಾಟ, ವೇಗ ಕಮ್ಮಿ, ರಾತ್ರಿ ಒಂದೇ ಡಿಪೋಗೆ ವಾಪಸ್. ಕಡ್ಡಿಯೊಳಗಿನ ಕೆಸರು ತೊಳೆಯಲು ಅಲ್ಲಿ ಪೈಪು, ಜನ ಎರಡೂ ಇರುತ್ತಾರೆ. ಒಂದು ಗಾಡಿ ದಾರಿಯಲ್ಲಿ ನಿಂತರೆ ಎಷ್ಟು ಪಾರ್ಸೆಲ್ ತಡವಾಯಿತು ಅಂತ ಲೆಕ್ಕ ಇಡುವ ಕಂಪನಿ ದುಬಾರಿ ಟೈರಿಗೂ ದುಡ್ಡು ಕೊಟ್ಟೀತು. ಸಿಂಗಪುರದಲ್ಲಿ ವ್ಯಾನಿಗೆ ಹಾಕಿದ್ದೂ ಸುಮ್ನೆ ಅಲ್ಲ. ನಮ್ಮ ಆಟೋಗಳಿಗೆ ಸದ್ಯಕ್ಕೆ ಕಷ್ಟ. ಆಟೋ ಟೈರು ಅಗ್ಗ, ಆ ಬೆಲೆಗೆ ಯಾರೂ ಇದನ್ನು ಕೊಡಲಾರರು.

ನಮ್ಮಂಥವರ ಕಾರಿಗೆ ಈಗಿರುವ ಟ್ಯೂಬ್‌ಲೆಸ್ಸೇ ಸರಿ. ಟೈರಿನ ಒತ್ತಡ ತೋರಿಸುವ ಟಿಪಿಎಂಎಸ್ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಮೊಳೆ ಚುಚ್ಚಿ ಗಾಳಿ ನಿಧಾನಕ್ಕೆ ಇಳಿಯುತ್ತಿರುವುದು ಅದರಲ್ಲಿ ಮೊದಲೇ ಗೊತ್ತಾಗುತ್ತದೆ. 2020ರಲ್ಲಿ ನಿಯಮ ಬದಲಾಗಿ, ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್, ರಿಪೇರಿ ಕಿಟ್ ಮೂರೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಎಂದಾಯಿತು. ನಾನಂತೂ ಸ್ಟೆಪ್ನಿ ಬಿಡುವುದಿಲ್ಲ. ಪಕ್ಕೆ ಹರಿದರೆ ಕಿಟ್ ಏನು ಮಾಡುತ್ತದೆ? ಆದರೆ ಬಂಕಲ್ಲಿ ಗಾಳಿ ಹಾಕಿಸುವಾಗ ಡಿಕ್ಕಿಯನ್ನೂ ತೆಗೆಯಿರಿ. ನಾಲ್ಕಕ್ಕೆ ಹಾಕಿಸಿ ಹೊರಟುಬಿಡುತ್ತೇವೆ, ಐದನೆಯದರಲ್ಲಿ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ.